ಅಟ್ಟದ ಮೇಲಿನ ಹಳೇ ವ್ಯಾಕ್ಯೂಮ್ ಕ್ಲೀನರ್‌ಗೆ ಲಕ್ಷಗಟ್ಟಲೆ ಬೆಲೆ ಇದೆಯೇ? ಕೊಳ್ಳುವ, ಮಾರುವ, ರಿಪೇರಿ ಮಾಡುವ ಮುನ್ನ ಓದಿ

"ಮನೇಲಿ ಹಳೇ ಯಂತ್ರ ಇದ್ದರೆ ಗುಜರಿಗೆ ಹಾಕಬೇಡಿ, ಲಕ್ಷ ಲಕ್ಷ ಕೊಟ್ಟು ಕೊಳ್ಳುವವರು ಇದ್ದಾರೆ." ಈ ಧಾಟಿಯ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಮ್ಮೆ ಹಳೇ ರೇಡಿಯೊ, ಇನ್ನೊಮ್ಮೆ ಹಳೇ ಟಿವಿ, ಮತ್ತೊಮ್ಮೆ ಹೊಲಿಗೆ ಯಂತ್ರ. ಜೊತೆಗೆ ಯಾರೋ ವಿದೇಶಿ ಸಂಗ್ರಾಹಕರು ಸಾಲಾಗಿ ಜೋಡಿಸಿಟ್ಟ ಹೊಳೆಯುವ ವ್ಯಾಕ್ಯೂಮ್ ಕ್ಲೀನರ್‌ಗಳ ವಿಡಿಯೊ.

ವಿಡಿಯೊದಲ್ಲಿ ಇರುವುದು ಸುಳ್ಳಲ್ಲ. ಹಳೇ ವ್ಯಾಕ್ಯೂಮ್ ಕ್ಲೀನರ್ ಹುಡುಕಿ ಕೊಂಡು, ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡುವ ಹವ್ಯಾಸ ನಿಜಕ್ಕೂ ಇದೆ. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೇಮ್ಸ್ ಎಂಬ ಊರಿನಲ್ಲಿ ಇದಕ್ಕೆಂದೇ ಮ್ಯೂಸಿಯಂ ಮಾಡಿದ್ದಾರೆ. ಆದರೆ ಆ ವಿಡಿಯೊ ನೋಡಿ ನಮ್ಮಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು, ಹಳೆಯದೆಲ್ಲ ಚಿನ್ನ ಎಂದು ನಂಬಿ ದುಡ್ಡು ಕಳೆದುಕೊಳ್ಳುವುದು. ಎರಡು, ಮೂವತ್ತು ವರ್ಷ ಅಟ್ಟದಲ್ಲಿದ್ದ ಯಂತ್ರವನ್ನು ಇಳಿಸಿ ನೇರವಾಗಿ ಪ್ಲಗ್ಗಿಗೆ ಹಾಕುವುದು. ಮೊದಲನೆಯದರಿಂದ ಜೇಬಿಗೆ ಪೆಟ್ಟು, ಎರಡನೆಯದರಿಂದ ಜೀವಕ್ಕೇ ಅಪಾಯ. ಹಾಗಾಗಿ ಒಂದೊಂದಾಗಿ ನೋಡೋಣ.

ಜನ ಯಾಕೆ ಇದನ್ನು ಸಂಗ್ರಹಿಸುತ್ತಾರೆ?

ಮನೆಗೆಲಸದ ಇತಿಹಾಸವೇ ಈ ಯಂತ್ರಗಳಲ್ಲಿದೆ ಎಂಬುದು ಸಂಗ್ರಾಹಕರ ಉತ್ತರ. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳನ್ನು ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಗಾಳಿ ಊದಿ ಧೂಳು ಎಬ್ಬಿಸುವ ಯಂತ್ರಗಳಿದ್ದವು. ಎದ್ದ ಧೂಳು ಸುತ್ತಾಡಿ ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಎಳೆದು, ನಡುವೆ ಬಟ್ಟೆಯ ಸೋಸುಗ ಇಟ್ಟರೆ ಹೇಗೆ ಎಂಬುದು ಬೂತ್ ಅವರ ಯೋಚನೆ. ಅವರ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಅದನ್ನು ಕುದುರೆಗಾಡಿಯ ಮೇಲೆ ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದದ ಕೊಳವೆಗಳನ್ನು ಕಿಟಕಿಯ ಮೂಲಕ ಮನೆಯೊಳಗೆ ಬಿಡಬೇಕಿತ್ತು.

ಕೈಯಲ್ಲಿ ತಳ್ಳಿಕೊಂಡು ಹೋಗುವ ವಿದ್ಯುತ್ ಯಂತ್ರ ಜನಪ್ರಿಯವಾಗಿದ್ದು ಅಮೆರಿಕದಲ್ಲಿ. ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದವರು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವರಿಗೆ ಅಸ್ತಮಾ. ಧೂಳಿನ ಕಾಟ ತಾಳಲಾರದೆ ಫ್ಯಾನು, ಪೊರಕೆಯ ಹಿಡಿ, ದಿಂಬಿನ ಕವರು ಸೇರಿಸಿ ಒಂದು ಯಂತ್ರ ಕಟ್ಟಿದರು. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವರು ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್. ಮುಂದೆ ಆ ಹೆಸರು ಎಷ್ಟು ಹಬ್ಬಿತೆಂದರೆ, ಬ್ರಿಟನ್ನಿನಲ್ಲಿ ವ್ಯಾಕ್ಯೂಮ್ ಮಾಡುವುದಕ್ಕೇ ಜನ "ಹೂವರ್ ಮಾಡುವುದು" ಎನ್ನತೊಡಗಿದರು. 1950ರ ದಶಕದಲ್ಲಿ ಬಂದ ಹೂವರ್ ಕಾನ್‌ಸ್ಟೆಲೇಷನ್ ಎಂಬ ಚೆಂಡಿನಾಕಾರದ ಮಾದರಿಯಂತೂ ತಾನೇ ಹೊರಬಿಡುವ ಗಾಳಿಯ ಮೇಲೆ ತೇಲಿಕೊಂಡು ಹಿಂದೆ ಬರುತ್ತಿತ್ತು. ಇಂಥವನ್ನು ಉಳಿಸಿಕೊಳ್ಳಬೇಕು ಎಂದು ಕೆಲವರಿಗೆ ಅನಿಸುವುದು ಸಹಜವೇ.

ನಮ್ಮ ಕಡೆ ಈ ಯಂತ್ರ ಮಧ್ಯಮ ವರ್ಗದ ಮನೆಗಳಿಗೆ ಹೆಚ್ಚಾಗಿ ಬಂದಿದ್ದು 1980ರ ದಶಕದಿಂದ. ಫೋರ್ಬ್ಸ್ ಮತ್ತು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸೇರಿ 1982ರಲ್ಲಿ ಯುರೇಕಾ ಫೋರ್ಬ್ಸ್ ಶುರು ಮಾಡಿದವು. ಟೈ ಕಟ್ಟಿದ ಸೇಲ್ಸ್‌ಮನ್ ಬಾಗಿಲು ತಟ್ಟಿ, ನಮ್ಮದೇ ಹಾಸಿಗೆಯಿಂದ ಧೂಳು ಎಳೆದು ತೋರಿಸಿ ಮನೆಯವರನ್ನು ಬೆಚ್ಚಿಬೀಳಿಸಿದ್ದು ಅನೇಕ ಮನೆಗಳ ನೆನಪು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಅಟ್ಟಗಳಲ್ಲಿ ಆ ಯುರೋಕ್ಲೀನ್ ಇಂದಿಗೂ ಕೂತಿರಬಹುದು. ನಮ್ಮಲ್ಲಿ ಹೊಸದಾಗಿ ಈ ಹವ್ಯಾಸ ಹಿಡಿಸಿಕೊಳ್ಳುವವರ ಕೈಗೆ ಮೊದಲು ಸಿಗುವುದೂ ಅದೇ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು ನಿಜವೇ?

ಇಲ್ಲ. ವಯಸ್ಸಾದ ಮಾತ್ರಕ್ಕೆ ವಸ್ತುವಿಗೆ ಬೆಲೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ನಾಲ್ಕು ಸಂಗತಿ: ಆ ಮಾದರಿ ಎಷ್ಟು ಉಳಿದಿವೆ, ಅದನ್ನು ಬಯಸುವವರು ಎಷ್ಟು ಜನ ಇದ್ದಾರೆ, ಕೊಳವೆ-ಬ್ರಷ್-ಡಬ್ಬ-ಕೈಪಿಡಿ ಎಲ್ಲ ಮೂಲದ್ದೇ ಇವೆಯೇ, ಮತ್ತು ಯಂತ್ರ ಓಡುತ್ತದೆಯೇ. ರಾಶಿ ರಾಶಿ ಮಾರಾಟವಾದ ಮಾದರಿ ಐವತ್ತು ವರ್ಷ ಹಳೆಯದಾದರೂ ಅಗ್ಗವೇ. ಸಂಗ್ರಾಹಕರಲ್ಲಿ ಹೆಚ್ಚಿನವರು ಹಣಕ್ಕಾಗಿ ಇದಕ್ಕೆ ಇಳಿದವರಲ್ಲ. ಅಜ್ಜಿಯ ಮನೆಯಲ್ಲಿದ್ದ ಆ ಸದ್ದು ಮತ್ತೆ ಕೇಳಬೇಕು ಎಂಬ ಆಸೆಯವರು.

ಇಂಟರ್ನೆಟ್ಟಿನಲ್ಲಿ ಯಾರೋ ದೊಡ್ಡ ಬೆಲೆ ಹಾಕಿದ್ದಾರೆ ಎಂದರೆ ಅದು ಅವರ ಆಸೆ ಅಷ್ಟೇ. ಆ ಬೆಲೆಗೆ ಯಾರಾದರೂ ಕೊಂಡರೇ ಎಂಬುದು ಬೇರೆ ಪ್ರಶ್ನೆ. ಹರಾಜು ಜಾಲತಾಣಗಳಲ್ಲಿ "ಮಾರಾಟವಾದವು" ಎಂಬ ಪಟ್ಟಿಯನ್ನು ಬೇರೆಯಾಗಿ ನೋಡಬಹುದು. ಅದನ್ನು ನೋಡಿ, ಆಮೇಲೆ ಬೆಲೆ ಮಾತಾಡಿ.

ಇನ್ನು ಹಳೇ ಯಂತ್ರದೊಳಗೆ "ರೆಡ್ ಮರ್ಕ್ಯುರಿ" ಅಂದರೆ ಕೆಂಪು ಪಾದರಸ ಇರುತ್ತದೆ, ಅದಕ್ಕೇ ಕೋಟಿ ಬೆಲೆ ಎಂಬ ಮಾತು. ಇದು ತುಂಬಾ ಹಳೇ ವದಂತಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಸಿಂಗರ್ ಹೊಲಿಗೆ ಯಂತ್ರಗಳಲ್ಲಿ ಇದು ಇದೆಯೆಂದು ಸುದ್ದಿ ಹಬ್ಬಿ, ಜನ ಮುಗಿಬಿದ್ದು ಯಂತ್ರ ಕೊಂಡಿದ್ದರು. ಆಮೇಲೆ ಅದೇ ಕತೆ ನಮ್ಮಲ್ಲಿ ಹಳೇ ರೇಡಿಯೊ, ಟಿವಿಗಳ ಹೆಸರಲ್ಲಿ ಓಡಾಡಿತು. ಹೇಳುವಂಥ ಶಕ್ತಿಯುಳ್ಳ ಕೆಂಪು ಪಾದರಸ ಎಂಬ ವಸ್ತು ಇದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಪಾದರಸ ಮತ್ತು ಗಂಧಕ ಸೇರಿದ ಕೆಂಪು ಇಂಗಳೀಕ ಇದೆ, ಅದು ಖನಿಜ, ಅದಕ್ಕೆ ಕೋಟಿ ಬೆಲೆಯಿಲ್ಲ. ಹಳೇ ರೇಡಿಯೊದೊಳಗಿನ ಗಾಜಿನ ಬುರುಡೆಗೆ "ವ್ಯಾಕ್ಯೂಮ್ ಟ್ಯೂಬ್" ಎಂಬ ಹೆಸರಿದೆ. ಹೆಸರು ಒಂದೇ ಥರ ಕೇಳಿಸಿದರೂ ವ್ಯಾಕ್ಯೂಮ್ ಕ್ಲೀನರ್‌ಗೂ ಅದಕ್ಕೂ ಸಂಬಂಧವಿಲ್ಲ. ಕ್ಲೀನರ್ ಬಿಚ್ಚಿದರೆ ಒಳಗೆ ಸಿಗುವುದು ತಾಮ್ರದ ತಂತಿ, ಕಬ್ಬಿಣ, ಕಾರ್ಬನ್ ತುಂಡು, ಬೇರಿಂಗು ಮತ್ತು ಬೇಕಾದಷ್ಟು ಧೂಳು.

"ಹತ್ತು ರೂಪಾಯಿ ಬಂದಿದೆ ಕಣೆ"

ಹಳೇ ಸಾಮಾನು ಮಾರಲು ಆನ್‌ಲೈನ್ ಜಾಹೀರಾತು ಹಾಕಿದವರಿಗೆ ಕಾಯುವ ಬಲೆಯೂ ಇದೆ. ಹಾಸನದಲ್ಲಿರುವ ನನ್ನ ಚಿಕ್ಕಪ್ಪ ತಮ್ಮ ಹಳೇ ಕ್ಲೀನರ್ ಮಾರಾಟಕ್ಕಿಟ್ಟಾಗ ಒಂದೇ ಗಂಟೆಯಲ್ಲಿ ಒಬ್ಬ ಫೋನ್ ಮಾಡಿದ. ಚೌಕಾಸಿಯೇ ಇಲ್ಲ, ಕೇಳಿದಷ್ಟು ಕೊಡುತ್ತೇನೆಂದ. ತಾನು ಸೇನೆಯಲ್ಲಿದ್ದೇನೆ, ಬರಲಾಗುವುದಿಲ್ಲ, ಗಾಡಿ ಕಳಿಸುತ್ತೇನೆ ಎಂದ. ಚಿಕ್ಕಪ್ಪ ನನಗೆ ಫೋನ್ ಮಾಡಿದರು.

"ಪುಟ್ಟಿ, ಮೊದಲು ಹತ್ತು ರೂಪಾಯಿ ಹಾಕಿದಾನೆ ಕಣೆ, ಬಂದಿದೆ. ಈಗ ಪೂರ್ತಿ ದುಡ್ಡಿಗೆ ಕ್ಯೂಆರ್ ಕಳಿಸಿದಾನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾನೆ."

"ಹಾಕಬೇಡಿ ಚಿಕ್ಕಪ್ಪ. ದುಡ್ಡು ಬರೋದಕ್ಕೆ ಪಿನ್ ಬೇಕಾಗಲ್ಲ, ಹೋಗೋದಕ್ಕೆ ಮಾತ್ರ ಬೇಕು."

ಇಷ್ಟೇ ಸೂತ್ರ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಮೊದಲು ಹತ್ತು ರೂಪಾಯಿ ಕಳಿಸುವುದು ನಂಬಿಕೆ ಹುಟ್ಟಿಸಲು. ಸೈನಿಕರ ಹೆಸರು, ಸಮವಸ್ತ್ರದ ಫೋಟೊ ಬಳಸುವುದೂ ಅದಕ್ಕೇ. ನೀವು ಕೊಳ್ಳುವವರಾದರೂ ಅಷ್ಟೇ: ಯಂತ್ರವನ್ನು ಕಣ್ಣಾರೆ ನೋಡದೆ, "ಬುಕಿಂಗ್", "ಸಾಗಣೆ ವಿಮೆ" ಎಂದು ಮುಂಗಡ ಕೊಡಬೇಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಯಂತ್ರ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ?

ಕೊಳ್ಳುವ ಮೊದಲು ಇದು ಗೊತ್ತಿದ್ದರೆ ಮಾರುವವರ ಮಾತಿನ ತೂಕ ತಿಳಿಯುತ್ತದೆ. ಕ್ಲೀನರ್‌ನ ಮೋಟಾರ್ ನಿಮ್ಮ ಅಡುಗೆಮನೆಯ ಮಿಕ್ಸಿ ಮೋಟಾರ್‌ನ ಜಾತಿಯದೇ. ಇದಕ್ಕೆ ಯೂನಿವರ್ಸಲ್ ಮೋಟಾರ್ ಎನ್ನುತ್ತಾರೆ. ನಡುವೆ ತಿರುಗುವ ಆರ್ಮೇಚರ್, ಸುತ್ತ ಫೀಲ್ಡ್ ಕಾಯಿಲ್, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸಲು ಎರಡು ಕಾರ್ಬನ್ ಬ್ರಷ್. ಅದು ನಿಮಿಷಕ್ಕೆ 20,000 ಸುತ್ತಿಗೂ ಹೆಚ್ಚು ವೇಗದಲ್ಲಿ ಫ್ಯಾನ್ ತಿರುಗಿಸುತ್ತದೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಕ್ಕೆ ಎಸೆದಾಗ ಒಳಗೆ ಒತ್ತಡ ಇಳಿಯುತ್ತದೆ. ಆಗ ಹೊರಗಿನ ವಾತಾವರಣದ ಗಾಳಿ ಕೊಳವೆಯೊಳಗೆ ನುಗ್ಗುತ್ತದೆ, ಧೂಳನ್ನೂ ಹೊತ್ತು ತರುತ್ತದೆ. ಅಂದರೆ ಯಂತ್ರ "ಎಳೆಯುತ್ತದೆ" ಎನ್ನುತ್ತೇವಾದರೂ ಕೆಲಸ ಮಾಡುವುದು ಹೊರಗಿನ ಗಾಳಿಯ ತಳ್ಳುವಿಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಹಾಗಾಗಿ ಅದೇ ಯಂತ್ರದ ಸೆಳೆತ ಮಂಗಳೂರಿಗಿಂತ ಬೆಂಗಳೂರಿನಲ್ಲಿ ಸುಮಾರು ಶೇ. 10ರಷ್ಟು ಕಡಿಮೆ.

ಈಗ ಎರಡು ತಪ್ಪು ತಿಳಿವಳಿಕೆ ನೋಡಿ.

"ವಾಟ್ ಹೆಚ್ಚಿದ್ದರೆ ಸೆಳೆತ ಹೆಚ್ಚು." ಹಾಗೇನಿಲ್ಲ. ಲೇಬಲ್ಲಿನ ವಾಟ್ ಎಂದರೆ ಯಂತ್ರ ತಿನ್ನುವ ವಿದ್ಯುತ್ತು. ಫ್ಯಾನ್, ಕೊಳವೆ, ಮುಚ್ಚಳದ ರಬ್ಬರ್ ಚೆನ್ನಾಗಿಲ್ಲದಿದ್ದರೆ ಅದರಲ್ಲಿ ದೊಡ್ಡ ಪಾಲು ಶಾಖ ಮತ್ತು ಸದ್ದಾಗಿ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2014ರಲ್ಲಿ ಹೊಸ ಕ್ಲೀನರ್‌ಗಳಿಗೆ 1,600 ವಾಟ್, 2017ರಲ್ಲಿ 900 ವಾಟ್ ಮಿತಿ ಹಾಕಿತು. ಅಷ್ಟು ಕಡಿಮೆ ವಾಟ್‌ನಲ್ಲೂ ಚೆನ್ನಾಗಿ ಗುಡಿಸುವ ಯಂತ್ರಗಳು ಬಂದವು.

"ಕೊಳವೆಗೆ ಕೈ ಅಡ್ಡ ಹಿಡಿದಾಗ ಸದ್ದು ಏರಿದರೆ ಮೋಟಾರ್‌ಗೆ ಭಾರ ಜಾಸ್ತಿಯಾಗಿದೆ." ನಿಜ ಇದರ ತಿರುಗುಮುರುಗು. ಗಾಳಿ ಹರಿಯದಿದ್ದಾಗ ಫ್ಯಾನ್‌ಗೆ ಹೊರಲು ಏನೂ ಇರುವುದಿಲ್ಲ. ಭಾರ ಇಳಿದು ವೇಗ ಏರುತ್ತದೆ. ಆದರೆ ಹೆಚ್ಚಿನ ಮಾದರಿಗಳಲ್ಲಿ ಅದೇ ಗಾಳಿಯೇ ಮೋಟಾರನ್ನು ತಂಪು ಮಾಡಬೇಕು. ಗಾಳಿ ನಿಂತರೆ ಮೋಟಾರ್ ಕಾದು ಕೆಡುತ್ತದೆ. ಚೀಲ ತುಂಬಿದ್ದರೂ ಓಡಿಸುತ್ತಾ ಹೋದರೆ ಮೋಟಾರ್ ಸುಡುವುದು ಈ ಕಾರಣಕ್ಕೆ.

ಕೊಳ್ಳುವಾಗ ಏನು ನೋಡಬೇಕು?

ಗುಜರಿ ಅಂಗಡಿಯಾಗಲಿ, ಚಿಕ್ಕಪೇಟೆಯ ಸಂಡೇ ಬಜಾರಾಗಲಿ, ಪರಿಚಯದವರ ಮನೆಯಾಗಲಿ, "ಒಮ್ಮೆ ಹಾಕಿ ತೋರಿಸಿ" ಎನ್ನುವ ಮೊದಲು ಕೈಯಲ್ಲಿ ಹಿಡಿದು ನೋಡಿ.

ಹೆಸರಿನ ಫಲಕ ಓದಿ. ವೋಲ್ಟೇಜ್, ವಾಟ್, ಮಾದರಿ ಸಂಖ್ಯೆ ಅಲ್ಲಿರುತ್ತದೆ. ಫಲಕವೇ ಇಲ್ಲದಿದ್ದರೆ ಬಿಡಿಭಾಗ ಹುಡುಕುವುದು ಕಷ್ಟ.

ವೈರ್ ಬಗ್ಗಿಸಿ ನೋಡಿ. ಹಳೇ ರಬ್ಬರ್ ವೈರ್ ವರ್ಷಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪುಡಿ ಉದುರಿದರೆ ಅಲ್ಲೇ ಪ್ಲಗ್ಗಿಗೆ ಹಾಕಲು ಬಿಡಬೇಡಿ.

ಬಿಚ್ಚಲು ಸಾಧ್ಯವಿದ್ದರೆ ಫ್ಯಾನನ್ನು ಕೈಯಿಂದ ತಿರುಗಿಸಿ. ಹಗುರಾಗಿ ತಿರುಗಿದರೆ ಸರಿ. ಗರಗರ ಎಂದರೆ ಬೇರಿಂಗ್ ಹೋಗಿದೆ, ಬದಲಿಸಬಹುದು. ತಿರುಗದೇ ಇದ್ದರೆ ತುಕ್ಕು ಹಿಡಿದಿರಬಹುದು.

ಮೂಸಿ ನೋಡಿ. ಧೂಳಿನ ವಾಸನೆ, ಮುಗ್ಗಲು ವಾಸನೆ ತೊಳೆದರೆ ಹೋಗುತ್ತದೆ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಕಾಯಿಲ್ ಸುಟ್ಟಿರಬಹುದು. ರೀವೈಂಡಿಂಗ್ ಖರ್ಚು ಯಂತ್ರದ ಬೆಲೆಗಿಂತ ಹೆಚ್ಚಾಗಬಹುದು.

ಕೊಳವೆ, ಬ್ರಷ್ ಎಲ್ಲ ಜೊತೆಗಿವೆಯೇ ನೋಡಿ. ಮೋಟಾರ್ ಸರಿಮಾಡುವುದು ಸುಲಭ, ಅದೇ ಮಾದರಿಯ ಕೊಳವೆಯ ತುದಿ ಹುಡುಕುವುದು ತಿಂಗಳುಗಟ್ಟಲೆಯ ಕೆಲಸ.

ವಿದೇಶದ ಯಂತ್ರವಾದರೆ?

ಅಮೆರಿಕದಲ್ಲಿರುವ ಮಗಳೋ ಅಳಿಯನೋ ಅಲ್ಲಿಂದ ಹಳೇ ಹೂವರ್ ತಂದರೆ ಇದು ಓದಲೇಬೇಕು. ಅಲ್ಲಿ ಮನೆಯ ವಿದ್ಯುತ್ತು ಸುಮಾರು 120 ವೋಲ್ಟ್, ಇಲ್ಲಿ 230. ಅಡಾಪ್ಟರ್ ಪಿನ್ ಹಾಕಿ ನೇರ ಚುಚ್ಚಿದರೆ ಮೋಟಾರ್ ಮಿತಿಮೀರಿದ ವೇಗದಲ್ಲಿ ತಿರುಗಿ ಕ್ಷಣಗಳಲ್ಲಿ ಸುಡಬಹುದು. ಪಿನ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಬೇಕಾಗಿರುವುದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಅದೂ ಯಂತ್ರದ ವಾಟ್‌ಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದು. ಪ್ರವಾಸಕ್ಕೆಂದು ಸಿಗುವ ಪುಟ್ಟ ಕನ್ವರ್ಟರ್‌ಗಳು ಮೋಟಾರ್‌ಗೆ ಆಗುವುದಿಲ್ಲ. 60 ಹರ್ಟ್ಸ್, 50 ಹರ್ಟ್ಸ್ ವ್ಯತ್ಯಾಸದ ಬಗ್ಗೆ ಹೆದರಬೇಕಿಲ್ಲ, ಯೂನಿವರ್ಸಲ್ ಮೋಟಾರ್‌ಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ.

ವೈರ್ ಬಣ್ಣದಲ್ಲೂ ಎಚ್ಚರ ಬೇಕು. ನಮ್ಮ ಹಳೇ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಈಗಿನ ಉಪಕರಣಗಳ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಅಮೆರಿಕದ ವೈರಿಂಗಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಅಂದರೆ ಇಲ್ಲಿ ಸುರಕ್ಷಿತ ಎಂದುಕೊಳ್ಳುವ ಕಪ್ಪು ಅಲ್ಲಿ ಶಾಕ್ ಕೊಡುವ ವೈರ್. ಬಣ್ಣ ನಂಬಬೇಡಿ, ಮೀಟರ್ ಇಟ್ಟು ನೋಡಿ.

ಪ್ಲಗ್ಗಿಗೆ ಹಾಕುವ ಮೊದಲು

ಹಳೇ ಯಂತ್ರಗಳಲ್ಲಿ ಅನೇಕವಕ್ಕೆ ಲೋಹದ ಮೈ. ಒಳಗೆ ಎಲ್ಲೋ ವೈರಿನ ಹೊದಿಕೆ ಕಿತ್ತು ಮೈಗೆ ತಾಗಿದ್ದರೆ ಇಡೀ ಯಂತ್ರಕ್ಕೇ ಕರೆಂಟ್ ಬರುತ್ತದೆ. ಅರ್ಥ್ ಸರಿಯಿದ್ದರೆ ಫ್ಯೂಸ್ ಹೋಗಿ ಬಚಾವಾಗುತ್ತೀರಿ. ಎರಡೇ ಪಿನ್ನಿನ ಪ್ಲಗ್ ಇದ್ದರೆ ಆ ಕರೆಂಟ್ ನಿಮ್ಮ ಮೈ ಮೂಲಕವೇ ನೆಲ ಸೇರುತ್ತದೆ. ಒದ್ದೆ ನೆಲ, ಬರಿಗಾಲು ಇದ್ದರಂತೂ ಹೇಳುವುದೇ ಬೇಡ.

"ಟೆಸ್ಟರ್ ಇಟ್ಟೆ, ಲೈಟ್ ಬರಲಿಲ್ಲ, ಹಾಗಾಗಿ ಸೇಫ್" ಎಂಬ ಮಾತು ಸಾಲದು. ನಿಯಾನ್ ಟೆಸ್ಟರ್ ಆ ಕ್ಷಣದ ಸ್ಥಿತಿ ಮಾತ್ರ ತೋರಿಸುತ್ತದೆ, ಹೊದಿಕೆ ಎಷ್ಟು ದುರ್ಬಲವಾಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ಮೆಗ್ಗರ್ ಎಂಬ ಉಪಕರಣ ಬೇಕು. ಅದು 500 ವೋಲ್ಟ್ ಹಾಕಿ ವೈರಿಗೂ ಮೈಗೂ ನಡುವಿನ ತಡೆ ಅಳೆಯುತ್ತದೆ. ಅರ್ಥ್ ಇರುವ ಯಂತ್ರದಲ್ಲಿ ಅದು ಕನಿಷ್ಠ 1 ಮೆಗಾಓಮ್ ಆದರೂ ಇರಬೇಕು. ಮೋಟಾರ್ ರೀವೈಂಡಿಂಗ್ ಮಾಡುವವರ ಬಳಿ ಮೆಗ್ಗರ್ ಇರುತ್ತದೆ, ಐದು ನಿಮಿಷದ ಕೆಲಸ.

ಲೋಹದ ಮೈಯ ಯಂತ್ರಕ್ಕೆ ಹೊಸ ಮೂರು ವೈರಿನ ಕೇಬಲ್, ಮೂರು ಪಿನ್ ಪ್ಲಗ್ ಹಾಕಿಸಿ, ಅರ್ಥ್ ವೈರನ್ನು ಮೈಗೆ ಗಟ್ಟಿಯಾಗಿ ಜೋಡಿಸಿ. ಫಲಕದ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಎರಡು ಪದರ ಹೊದಿಕೆಯ ಯಂತ್ರ. ಅದನ್ನು ಅರ್ಥ್ ಇಲ್ಲದೆ ಬಳಸುವಂತೆಯೇ ಮಾಡಿರುತ್ತಾರೆ.

ಮೊದಲ ಸಲ ಓಡಿಸುವಾಗ ಅನುಭವಿಗಳು ಒಂದು ಉಪಾಯ ಮಾಡುತ್ತಾರೆ: ಸೀರೀಸ್ ಬಲ್ಬ್. ಯಂತ್ರದ ದಾರಿಯಲ್ಲಿ 100 ಅಥವಾ 200 ವಾಟ್‌ನ ಹಳೇ ತಂತಿ ಬಲ್ಬನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮೋಟಾರ್ ಸುಡುವುದಿಲ್ಲ. ಸರಿಯಿದ್ದರೆ ಬಲ್ಬ್ ಮಂಕಾಗಿ, ಮೋಟಾರ್ ನಿಧಾನವಾಗಿ ತಿರುಗುತ್ತದೆ. ಇದಕ್ಕೆ ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಮನೆಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರುವ ಸಾಲಿನಲ್ಲೇ ಪ್ರಯೋಗ ಮಾಡಿ. ವಿದ್ಯುತ್ ಕೆಲಸದ ಅಭ್ಯಾಸ ಇಲ್ಲದವರು ಈ ಹಂತವನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಹವ್ಯಾಸದ ಸುಖ ಇದರಿಂದ ಕಡಿಮೆಯಾಗುವುದಿಲ್ಲ.

ಒಳಗಿನ ಕೆಲಸ: ಏನು ಮಾಡಬೇಕು, ಏನು ಮಾಡಬಾರದು

ಮೊದಲ ಅಪಾಯ ಹಳೇ ಚೀಲ. ಅದರಲ್ಲಿ ಇಪ್ಪತ್ತು-ಮೂವತ್ತು ವರ್ಷದ ಧೂಳು, ಬೂಸ್ಟು, ಹುಳುಗಳ ಹಿಕ್ಕೆ ಇರುತ್ತದೆ. ಮನೆಯೊಳಗೆ ಕೊಡವಬೇಡಿ. ಬಯಲಿಗೆ ಒಯ್ದು, ಎನ್95 ಮಾಸ್ಕ್ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಆಸ್ಬೆಸ್ಟಾಸ್ ಶೀಟ್ ಕೊರೆದ ಕೆಲಸಕ್ಕೆ ಬಳಸಿದ ಯಂತ್ರ ಎಂದು ತಿಳಿದರೆ ಅದನ್ನು ಬಿಟ್ಟೇಬಿಡಿ. ಆ ಧೂಳಿನ ನಾರು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು.

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬೇರೆ ಬೇರೆ ಡಬ್ಬಿಯಲ್ಲಿಡಿ. ಕೆಲವು ಯಂತ್ರಗಳ ಫ್ಯಾನ್ ನಟ್ ಉಲ್ಟಾ ತಿರುಗಿಸಿ ಬಿಚ್ಚಬೇಕು. ಬಲವಂತ ಮಾಡಿದರೆ ಶಾಫ್ಟ್ ಮುರಿಯುತ್ತದೆ.

ಕಾರ್ಬನ್ ಬ್ರಷ್ ಸವೆದು ಗಿಡ್ಡವಾಗಿದ್ದರೆ ಬದಲಿಸಿ. ಮಿಕ್ಸಿ ರಿಪೇರಿ ಅಂಗಡಿಗೆ ಹಳೆಯದನ್ನು ಒಯ್ದರೆ ಅದೇ ಅಳತೆಯದ್ದು ಹುಡುಕಿಕೊಡುತ್ತಾರೆ. ಹೊಸದು ಹಾಕಿದಾಗ ಕೆಲ ನಿಮಿಷ ಸಣ್ಣ ಕಿಡಿ ಕಾಣುವುದು ಸಾಮಾನ್ಯ. ಸುತ್ತಲೂ ಬೆಂಕಿಯ ಉಂಗುರದಂತೆ ಕಂಡರೆ ಆರ್ಮೇಚರ್ ಕೆಟ್ಟಿದೆ, ನಿಲ್ಲಿಸಿ.

ಬೇರಿಂಗ್ ಮೇಲೆ ಅದರ ಸಂಖ್ಯೆ ಕೊರೆದಿರುತ್ತದೆ. ಉದಾಹರಣೆಗೆ 608 ಎಂದಿದ್ದರೆ ಒಳಗಿನ ತೂತು 8 ಮಿ.ಮೀ., ಹೊರಗಿನ ಅಗಲ 22 ಮಿ.ಮೀ., ದಪ್ಪ 7 ಮಿ.ಮೀ. ಇದು ಜಗತ್ತಿನಾದ್ಯಂತ ಒಂದೇ ಅಳತೆ, ಬೇರಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ.

"ತೆಂಗಿನೆಣ್ಣೆ ಎರಡು ಹನಿ ಬಿಟ್ಟರೆ ಹೊಸದರಂತೆ ಓಡುತ್ತೆ" ಎಂಬ ಮನೆಮದ್ದು ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕಾದಾಗ ಜಿಗುಟಾಗುತ್ತದೆ, ಧೂಳು ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇರಿಂಗಿನ ಗ್ರೀಸನ್ನು ತೊಳೆದುಬಿಡುತ್ತದೆ. ಹಳೇ ಕಂಚಿನ ಬುಷ್ ಇರುವ ಮೋಟಾರ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು.

ರೇಡಿಯೊಗೆ ಗರಗರ ಸದ್ದು ಬಾರದಿರಲೆಂದು ಅನೇಕ ಯಂತ್ರಗಳಲ್ಲಿ ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಹಳೇ ಕಾಗದದ ಕೆಪಾಸಿಟರ್‌ಗಳು ಬಿರುಕುಬಿಟ್ಟು ತೇವ ಹೀರಿ, ಕರೆಂಟ್ ಕೊಟ್ಟ ಕೆಲ ಹೊತ್ತಿಗೆ ದಟ್ಟ ಹೊಗೆ ಎಬ್ಬಿಸುವುದುಂಟು. ಯಂತ್ರ ಓಡುತ್ತಿದ್ದರೂ ಅದನ್ನು ಬದಲಿಸಿ. ಮೇನ್ಸ್ ವಿದ್ಯುತ್ತಿಗೆಂದೇ ಮಾಡಿದ "ಎಕ್ಸ್2" ದರ್ಜೆಯದ್ದು ಕೇಳಿ ತನ್ನಿ. ಹಳೆಯದು ಫೇಸ್-ನ್ಯೂಟ್ರಲ್ ನಡುವೆ ಇಲ್ಲದೆ ಯಂತ್ರದ ಮೈಗೆ ಜೋಡಿಸಿದ್ದರೆ ಅಲ್ಲಿಗೆ "ವೈ" ದರ್ಜೆಯದ್ದೇ ಬೇಕು.

ಇನ್ನೊಂದು ಮುಖ್ಯ ಮಾತು. ಫ್ಯಾನ್ ಬಿಚ್ಚಿಟ್ಟು ಬರೀ ಮೋಟಾರನ್ನು ಪೂರ್ತಿ ವೋಲ್ಟೇಜಿನಲ್ಲಿ ಓಡಿಸಬೇಡಿ. ಭಾರವಿಲ್ಲದ ಈ ಜಾತಿಯ ಮೋಟಾರ್ ಹಿಡಿತ ತಪ್ಪಿ ವೇಗ ಏರಿಸಿಕೊಳ್ಳುತ್ತದೆ, ಭಾಗಗಳು ಸಿಡಿಯಬಹುದು.

ಹೊರಮೈಯನ್ನು ಎಷ್ಟು ಹೊಳಪಿಸಬೇಕು?

ಹೊಸಬರು ಮೊದಲು ಮಾಡುವುದು ಬಣ್ಣ ಹೊಡೆಸುವುದು. ಸಂಗ್ರಾಹಕರ ಕಣ್ಣಲ್ಲಿ ಅದರಿಂದ ಬೆಲೆ ಕುಗ್ಗುತ್ತದೆ. ಮೂಲ ಬಣ್ಣ, ಮೂಲ ಸ್ಟಿಕ್ಕರ್, ಅಂಚಿನ ಸವೆತ ಯಂತ್ರದ ಬದುಕಿನ ಗುರುತು. ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಕಪ್ಪು-ಕಂದು ಬೇಕ್‌ಲೈಟ್ ಭಾಗಗಳಿಗೆ ಬ್ಲೀಚ್, ಉಜ್ಜುವ ಪುಡಿ ತಾಗಿಸಬೇಡಿ, ಮೇಲ್ಮೈ ಮಂಕಾದರೆ ಮತ್ತೆ ಬರುವುದಿಲ್ಲ. ತೆಗೆದುಹಾಕಿದ ಹಳೇ ಪ್ಲಗ್, ವೈರುಗಳನ್ನು ಒಂದು ಕವರಿನಲ್ಲಿ ಯಂತ್ರದ ಜೊತೆಗೇ ಇಟ್ಟಿರಿ. ಸುರಕ್ಷತೆಗೆ ಸಂಬಂಧಿಸಿದ್ದನ್ನು ಹೊಸದು ಮಾಡಿ, ಅಂದಕ್ಕೆ ಸಂಬಂಧಿಸಿದ್ದನ್ನು ಹಳೆಯದೇ ಉಳಿಸಿ.

ಸರಿಯಾದ ಮೇಲೆ ದಿನಾ ಬಳಸಬಹುದೇ?

ಓಡಿಸಿ ಖುಷಿಪಡಲು ಅಡ್ಡಿಯಿಲ್ಲ. ಆದರೆ ಮನೆಯಲ್ಲಿ ಅಸ್ತಮಾ, ಅಲರ್ಜಿ ಇರುವವರಿದ್ದರೆ ಹಳೇ ಬಟ್ಟೆಚೀಲದ ಯಂತ್ರ ದಿನಬಳಕೆಗೆ ಬೇಡ. ದೊಡ್ಡ ಕಸವನ್ನು ಅದು ಹಿಡಿಯುತ್ತದೆ, ತೀರಾ ನುಣುಪಾದ ಧೂಳು ಬಟ್ಟೆಯ ರಂಧ್ರದಿಂದ ಹೊರಬಂದು ಗಾಳಿಯಲ್ಲಿ ತೇಲುತ್ತದೆ. ಶ್ವಾಸಕೋಶದ ಆಳಕ್ಕೆ ಹೋಗುವುದು ಆ ನುಣುಪು ಧೂಳೇ. ಹೆಪಾ ಫಿಲ್ಟರ್ ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯಬೇಕು. ಹಳೇ ಯಂತ್ರದ ಹೊರದಾರಿಗೆ ಹೆಪಾ ತುಂಡು ಅಂಟಿಸಿದರೆ ಪ್ರಯೋಜನ ಕಡಿಮೆ, ಗಾಳಿ ಅಕ್ಕಪಕ್ಕದ ಸಂದಿಯಿಂದ ನುಸುಳುತ್ತದೆ.

ಹಾಗೆಂದು "ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅಸ್ತಮಾ ವಾಸಿ" ಎಂಬ ಫಾರ್ವರ್ಡನ್ನೂ ನಂಬಬೇಡಿ. ಧೂಳು ಕಡಿಮೆಯಾಗಬಹುದು, ರೋಗ ವಾಸಿಯಾಗುವುದಿಲ್ಲ. ಹಾಸಿಗೆಯ ಹೊದಿಕೆ, ದಿಂಬಿನ ಕವರನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿಯ ಬಿಸಿನೀರಲ್ಲಿ ತೊಳೆದರೆ ಧೂಳುಹುಳ ಸಾಯುತ್ತದೆ. ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಬೇಡಿ.

ಹಳೆಯದಿರಲಿ ಹೊಸದಿರಲಿ, ಒಣ ಧೂಳಿನ ಯಂತ್ರದಲ್ಲಿ ನೀರು ಎಳೆಯಬೇಡಿ. ದೇವರಮನೆಯ ಬಿಸಿ ಬೂದಿ, ದೀಪಾವಳಿಯ ಪಟಾಕಿ ಕಸ ಎಳೆದರೆ ಒಳಗಿನ ಕಿಡಿ ಗಾಳಿಗೆ ಹೊತ್ತಿಕೊಳ್ಳುತ್ತದೆ. ರಂಗೋಲಿ ಪುಡಿ, ಸಿಮೆಂಟ್ ಪುಡಿ ಚೀಲದ ರಂಧ್ರ ಮುಚ್ಚಿಸಿ ಮೋಟಾರ್ ಕಾಯಿಸುತ್ತವೆ.

ಸರಿಯಾಗದಿದ್ದರೆ?

ಎಲ್ಲವೂ ಬದುಕುವುದಿಲ್ಲ. ಆಗ ಕೊಳವೆ, ಬ್ರಷ್, ಚಕ್ರಗಳನ್ನು ಬಿಚ್ಚಿಟ್ಟುಕೊಳ್ಳಿ, ಇನ್ನೊಂದು ಯಂತ್ರಕ್ಕೆ ಜೀವ ಬರುತ್ತದೆ. ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ತಾಮ್ರಕ್ಕಾಗಿ ವೈರ್ ಸುಡಬೇಡಿ. ಪಿವಿಸಿ ಹೊದಿಕೆ ಉರಿದಾಗ ಬರುವ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಿರುತ್ತದೆ. ಸುಡುವವರಿಗೂ, ಪಕ್ಕದ ಮನೆಯ ಮಕ್ಕಳಿಗೂ ಅದೇ ಗಾಳಿ.

ಒಟ್ಟಾರೆ ಹೇಳುವುದಾದರೆ

ಹಳೇ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ನಿಧಿ ಇಲ್ಲ, ಕೆಂಪು ಪಾದರಸವೂ ಇಲ್ಲ. ಹಳೆಯದೆಂಬ ಕಾರಣಕ್ಕೇ ಲಕ್ಷ ಬರುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ವೈರ್, ಅರ್ಥ್, ಕೆಪಾಸಿಟರ್ ನೋಡದೆ ಪ್ಲಗ್ಗಿಗೆ ಹಾಕಬಾರದು. ಇಷ್ಟು ಗೊತ್ತಿದ್ದರೆ ಇದು ಒಳ್ಳೆಯ ಹವ್ಯಾಸವೇ: ಕಡಿಮೆ ಖರ್ಚು, ಕೈಗೆ ಕೆಲಸ, ಗುಜರಿ ಸೇರಬೇಕಿದ್ದ ವಸ್ತುವಿಗೆ ಇನ್ನಷ್ಟು ವರ್ಷದ ಆಯಸ್ಸು.

"ಹಳೇ ಯಂತ್ರಕ್ಕೆ ಲಕ್ಷ" ಎಂಬ ಮೆಸೇಜು ಬಂದ ಗ್ರೂಪಿಗೇ ಇದನ್ನೂ ಕಳಿಸಿ. ಮುಖ್ಯವಾಗಿ, ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಕಳಿಸಿ, ಒಂದು ಫೋನ್ ಮಾಡಿ ಪಿನ್ನಿನ ವಿಷಯ ಬಾಯಲ್ಲೇ ಹೇಳಿ.